ಕವಿತೆಗೊಂದು ಮೊಳೆ

ಪ್ರೀತಿಯ ಗೆಳೆಯಾ,

ಕವಿತೆಯನ್ನು ಕವಿಗಳಷ್ಟೇ ಓದುತ್ತಾರೆ, ಬೇರೆಯವರು ಮುಟ್ಟಿಯೂ ನೋಡುವುದಿಲ್ಲ ಅಂತ ಬರೆದಿದ್ದೀಯ. ಪುಸ್ತಕದ ಕಡೆ ತಿರುಗಿಯೂ ನೋಡದವನಿಗಾಗಿ ನೀನು ಮತ್ತೆ ಮತ್ತೆ ಪುಸ್ತಕವನ್ನೇ ಮಾಡಿದರೆ ಅವನಾದರೂ ಏನು ಮಾಡಬೇಕು?

ಅಮೆರಿಕದ ಕ್ಲಾರ್ಕ್ ವಿಟಿಂಗ್ಟನ್ ಅನ್ನುವ ಕಲಾವಿದ 1997ರಲ್ಲಿ ಏನು ಮಾಡಿದ ಗೊತ್ತಾ? ಸಿಗರೇಟು ಮಾರುವ ಹಳೇ ಮೆಷಿನ್ ಒಂದಕ್ಕೆ ತನ್ನ ಕಪ್ಪು ಬಿಳುಪು ಫೋಟೋಗಳನ್ನು ತುಂಬಿ, ಒಂದೊಂದನ್ನು ಒಂದು ಡಾಲರಿಗೆ ಮಾರಿದ. ಮುಂದೆ ಅದೇ ಆರ್ಟ್-ಒ-ಮ್ಯಾಟ್, ಅಂದರೆ ಪುಟ್ಟ ಕಲಾಕೃತಿಗಳನ್ನು ಮಾರುವ ಮೆಷಿನ್ ಆಯಿತು. ಗ್ಯಾಲರಿಗೆ ಕಾಲಿಡಲು ಅಂಜುವವನಿಗೂ ದುಡ್ಡು ಹಾಕಿ ಹಿಡಿ ಎಳೆಯುವುದು ಗೊತ್ತಲ್ವಾ? ಆದರೆ ಅದರೊಳಗೆ ಹೋಗುವ ಕಲೆ ಸಿಗರೇಟು ಪ್ಯಾಕಿನಷ್ಟೇ ಇರಬೇಕು. ಇನ್ನೊಬ್ಬರ ಅಂಗಿ ತೊಟ್ಟ ಮೇಲೆ ಅದರ ಅಳತೆಗೆ ನಾವೇ ಹೊಂದಿಕೊಳ್ಳಬೇಕು.

ಲಂಡನ್ನಿನ ಸುರಂಗ ರೈಲುಗಳಲ್ಲಿ 1986ರಿಂದ ಜಾಹೀರಾತಿನ ಜಾಗದಲ್ಲಿ ಕವಿತೆಗಳಿವೆ. ನಿಂತವರ ಕಣ್ಣು ಹೇಗೂ ಅಲ್ಲಿಗೇ ಹೋಗುತ್ತದೆ.

ಇದನ್ನೆಲ್ಲ ಓದಿ ನನಗೂ ಹುಮ್ಮಸ್ಸು ಬಂದಿತ್ತು. ಒಂದು ಕವಿತೆಯನ್ನು 'ಕಾಣೆಯಾಗಿದೆ' ಪ್ರಕಟಣೆಯ ಹಾಗೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದೆ. ಕಾಣೆಯಾದದ್ದು ಅಪ್ಪನ ನಗು. ಎತ್ತರ, ಬಣ್ಣ, ಕೊನೆಗೆ ಕಂಡ ಜಾಗ, ಎಲ್ಲ ಬರೆದಿದ್ದೆ. ಜಾಣತನ ಅಂದುಕೊಂಡಿದ್ದೆ. ವಯಸ್ಸಾದ ಒಬ್ಬರು ದಪ್ಪಕ್ಷರದ ಮೊದಲ ಸಾಲಷ್ಟೇ ಓದಿ, ಗಾಬರಿಯಿಂದ ನನ್ನ ಕಡೆ ತಿರುಗಿ, "ಮಗು ಸಿಕ್ತಾ?" ಅಂದರು. ಇಲ್ಲ, ಇದು ಕವಿತೆ ಅಂದೆ. ಅವರು ಬೈಯಲಿಲ್ಲ. ಸುಮ್ನೆ ನನ್ನ ಮುಖ ನೋಡಿ ಹೊರಟರು. ಬೈದಿದ್ದರೇ ವಾಸಿಯಿತ್ತು. ಅಂದೇ ಎಲ್ಲವನ್ನೂ ಕಿತ್ತುಹಾಕಿದೆ.

ಸಿಗರೇಟಿನ ಮೆಷಿನ್ನು ಯಾರಿಗೂ ಸುಳ್ಳು ಹೇಳಿರಲಿಲ್ಲ. ನಾನು ಹೇಳಿದ್ದೆ. ಕಾಣೆಯಾದವರ ಪ್ರಕಟಣೆ ಅಂದರೆ ಸಹಾಯಕ್ಕೆ ಕೂಗಿದ ಹಾಗೆ. ಆ ಕೂಗನ್ನು ಆಟಕ್ಕೆ ಬಳಸಿದರೆ, ಮುಂದೆ ನಿಜವಾಗಿ ಕೂಗುವವರ ಕಡೆ ಯಾರು ತಿರುಗಬೇಕು? ಅದಕ್ಕೇ ಈಗ ನನಗೆ ತಮಾಷೆಯ ವೇಷಗಳಿಗಿಂತ ಪೆದ್ದು ವಸ್ತುಗಳೇ ಜಾಸ್ತಿ ಇಷ್ಟ. ಗೋಡೆಯ ಕ್ಯಾಲೆಂಡರ್ ಥರದ್ದು. ಅದು ಯಾರನ್ನೂ ಹೆದರಿಸುವುದಿಲ್ಲ. ಮೊದಲ ದಿನ ಕವಿತೆ ಓದದಿದ್ದರೂ ಪರವಾಗಿಲ್ಲ, ತಿಂಗಳಿಡೀ ಮೊಳೆಗೆ ನೇತಾಡುತ್ತಿರುತ್ತದೆ. ತಾರೀಖು ನೋಡಲು ಬಂದವರು ಯಾವತ್ತೋ ಒಂದು ಸಾಲು ಓದಿಯೇ ಓದುತ್ತಾರೆ.

ಹಾಗಾಗಿ ಒಂದು ಕ್ಯಾಲೆಂಡರಿಗೆ, ತಿಂಗಳಿಗೊಂದರಂತೆ ಹನ್ನೆರಡು ಕವಿತೆ ಕಳಿಸು. ಎಂಟು ಸಾಲು ಮೀರಬಾರದು. ತಾರೀಖಿನ ಪಕ್ಕ ಹಾಲಿನ ಲೆಕ್ಕ ಬರೆಯುವವರಿಗೂ ಜಾಗ ಬಿಡಬೇಕು, ಮುನಿಸಿಕೊಳ್ಳಬೇಡ.

ನಿನ್ನ ಗೆಳತಿ