ಅಪ್ಪ ಅಮ್ಮಂದಿರಿಗೂ ಒಂದು ಗಂಟೆ ಲೆಕ್ಕದ ಪಾಠ ಮಾಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ತಿಪಟೂರಲ್ಲಿ ಮನೇಲೇ ಬ್ಲೌಸ್, ಚೂಡಿದಾರ್ ಹೊಲಿತೀನಿ. ಮಗಳು ಸರ್ಕಾರಿ ಶಾಲೇಲಿ ಐದನೇ ಕ್ಲಾಸು. ಹೋದ ವಾರ ಅರ್ಧಕ್ಕೆ ಕಾಲು ಕೂಡಿಸು ಅನ್ನೋ ಲೆಕ್ಕಕ್ಕೆ ಅವಳು ಮೇಲಿಂದು ಮೇಲೆ ಕೂಡಿ ಕೆಳಗಿಂದು ಕೆಳಗೆ ಕೂಡಿ 2/6 ಅಂತ ಬರೆದ್ಲು. ತಪ್ಪು ಅಂತ ನೋಡಿದ ತಕ್ಷಣ ಗೊತ್ತಾಯ್ತು, ಆದ್ರೆ ಯಾಕಮ್ಮಾ ತಪ್ಪು ಅಂದಾಗ ನನ್ನ ಹತ್ರ ಉತ್ತರ ಇರ್ಲಿಲ್ಲ. ಲ.ಸಾ.ಅ. (ಕೆಳಗಿನ ಎರಡೂ ಸಂಖ್ಯೆಯಿಂದ ಭಾಗ ಆಗೋ ಅತಿ ಚಿಕ್ಕ ಸಂಖ್ಯೆ) ತೆಗೀಬೇಕು ಅಂತ ನಮ್ಮ ಮೇಷ್ಟ್ರು ಹೇಳಿದ್ದು ನೆನಪಿದೆ, ಯಾಕೆ ತೆಗೀಬೇಕು ಅಂತ ಅವತ್ತೂ ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ.

ಕೊನೆಗೆ ಮಷೀನ್ ಮೇಲಿದ್ದ ಟೇಪ್ ತಗೊಂಡೆ. ಅದರಲ್ಲಿ ಒಂದು ಇಂಚಿಗೆ ಸಣ್ಣ ಗೆರೆ ಎಳೆದು 8 ಮನೆ ಮಾಡಿರ್ತಾರೆ. ಅರ್ಧ ಇಂಚು 4 ಮನೆ, ಕಾಲು ಇಂಚು 2 ಮನೆ, ಒಟ್ಟು 6 ಮನೆ, ಅಲ್ಲಿಗೆ ಮುಕ್ಕಾಲು ಇಂಚು. 2/6 ಅಂದ್ರೆ ಮೂರರಲ್ಲಿ ಒಂದು ಭಾಗ, ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ಮೇಲೆ ಅರ್ಧಕ್ಕಿಂತ ಕಮ್ಮಿ ಹೆಂಗಾಗತ್ತೆ ಅಂತ ಅವಳೇ ಕೇಳಿದ್ಲು. ಎರಡನ್ನೂ ಒಂದೇ ಅಳತೆ ಮನೆಗೆ ತಂದು ಆಮೇಲೆ ಕೂಡೋದು, ಲ.ಸಾ.ಅ. ಇರೋದು ಅದಕ್ಕೇ. ಹದಿನೈದು ವರ್ಷದಿಂದ ದಿನಾ ಕೈಯಲ್ಲಿ ಹಿಡಿಯೋ ಟೇಪಲ್ಲೇ ಇದಿತ್ತು, ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ, ಅಷ್ಟು ಖುಷಿ.

ನಮ್ಮಂಥೋರಿಗೆ ಲೆಕ್ಕ ಬರಲ್ಲ ಅನ್ನೋದು ಸುಳ್ಳು ಸಾರ್. ನಮ್ಮ ಮನೆಯವರು ಮಂಡೀಲಿ ಕೆಲಸ ಮಾಡ್ತಾರೆ, ಕೊಬ್ಬರಿ ಕ್ವಿಂಟಾಲ್ ರೇಟ್ ಹೇಳಿದ್ರೆ 37 ಕೇಜಿಗೆ ಎಷ್ಟಾಗತ್ತೆ ಅಂತ ಬಾಯಿಲೆಕ್ಕದಲ್ಲೇ ಹೇಳ್ತಾರೆ, ಅದನ್ನೇ ಪುಸ್ತಕದಲ್ಲಿ ದಶಾಂಶ ಗುಣಾಕಾರ ಅಂತ ನೋಡಿದ್ರೆ ಎದ್ದು ಹೋಗ್ತಾರೆ. ಎರಡೂ ಒಂದೇ ಅಂತ ಯಾರಾದ್ರೂ ಪಕ್ಕದಲ್ಲಿ ಕೂತು ತೋರಿಸಬೇಕು. ಗೊತ್ತಿಲ್ದಿದ್ರೆ ದುಡ್ಡೂ ಹೋಗತ್ತೆ. ನೂರಕ್ಕೆ 2 ರೂಪಾಯಿ ಬಡ್ಡಿ, ಬ್ಯಾಂಕಿನ ಶೇಕಡಾ 12ಕ್ಕಿಂತ ಎಷ್ಟೋ ಕಮ್ಮಿ ಅಂದ್ಕೊಂಡು ಸಾಲ ತಗೊಂಡೋರು ನಮ್ಮ ಬೀದೀಲೇ ಇದ್ದಾರೆ, ಆ 2 ತಿಂಗಳಿಗೆ, ವರ್ಷಕ್ಕೆ 24 ಆಯ್ತು.

ಸಾಕ್ಷರತಾ ಕಾರ್ಯಕ್ರಮ ಇರೋದು ಓದು ಬರಹ ಬಾರದ ದೊಡ್ಡೋರಿಗೆ, ಅದು ಬೇಕೇ ಬೇಕು. ಎಸ್ಸೆಸ್ಸೆಲ್ಸಿವರೆಗೆ ಓದಿ ಗಣಿತದಲ್ಲಿ ಹೆಂಗೋ 35 ತಗೊಂಡು ಬಂದ ನಮಗೆ ಎಲ್ಲಿ ಜಾಗ? ಪೋಷಕರ ಸಭೇಲಿ ಬಿಸಿಯೂಟ, ಶೂ, ಮಾರ್ಕ್ಸು ಎಲ್ಲಾ ಮಾತಾಡ್ತಾರೆ, ಅದರ ಜೊತೆ ಒಂದು ಗಂಟೆ ಈ ತಿಂಗಳ ಗಣಿತ ಪಾಠಾನ ನಮಗೂ ಮಾಡ್ಲಿ. ಗಣಿತ ಕಲಿಕಾ ಆಂದೋಲನದ ಕಿಟ್ (ಮಕ್ಕಳು ಕೈಯಲ್ಲಿ ಹಿಡಿದು ಲೆಕ್ಕ ಕಲಿಯೋ ಸಾಮಾನು) ಇರೋ ಶಾಲೆಗಳಲ್ಲಿ ಅದನ್ನ ಒಂದು ಸಲ ನಮ್ಮ ಕೈಗೂ ಕೊಡ್ಲಿ. ಹಳ್ಳಿಗಳಲ್ಲಿ ಪಂಚಾಯಿತಿ ಲೈಬ್ರರಿ ಅರಿವು ಕೇಂದ್ರ ಆಗಿದೆ, ಅಲ್ಲೂ ಕೂರಿಸಬಹುದು, ಆದ್ರೆ ಕೂಲಿಗೆ ಹೋಗೋರು ಬರೋ ಹೊತ್ತಿಗೆ ಇಡಬೇಕು, ಪರೀಕ್ಷೆ ಮಾಡಬಾರದು, ಎಲ್ಲರ ಮುಂದೆ ಬೋರ್ಡ್ ಹತ್ರ ಕರೀಬಾರದು. ಆ ಭಯಕ್ಕೇ ಎಷ್ಟೋ ತಾಯಂದಿರು ಶಾಲೆ ಗೇಟಿಂದ ಒಳಗೆ ಬರಲ್ಲ.

ಪತ್ರಿಕೆಯವರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮಾದರಿ ಪ್ರಶ್ನೆಪತ್ರಿಕೆ ಹಾಕ್ತೀರಲ್ಲ, ಹಂಗೇ ನಮಗೂ ವಾರಕ್ಕೊಂದು ಲೆಕ್ಕ ಹಾಕಿ, ಉತ್ತರಕ್ಕಿಂತ ಯಾಕೆ ಅನ್ನೋದನ್ನ ಬಿಡಿಸಿ ಬರೀರಿ. ಮೊದಲನೇ ವಾರಕ್ಕೆ ಕಳೆಯೋ ಲೆಕ್ಕ ಇರ್ಲಿ, 52ರಲ್ಲಿ 27 ಕಳೆಯುವಾಗ ಪಕ್ಕದ 5ರಿಂದ 1 ಸಾಲ ತಂದ್ರೆ ಅದು ಇಲ್ಲಿ 10 ಹೆಂಗಾಗತ್ತೆ ಅಂತ ನಮ್ಮ ಎದುರು ಮನೆ ಅಕ್ಕ ಕೇಳ್ತಿದ್ದಾರೆ.

ಇಂತಿ,
ಒಬ್ಬ ತಾಯಿ, ತಿಪಟೂರು