ಮೂರನೇ ಕಂಸ ಮತ್ತು ನನ್ನ ತಮ್ಮ

ಮೊನ್ನೆ ಮಾನಸಗಂಗೋತ್ರಿಯಲ್ಲಿ ನನ್ನ ವೈವಾ ಮುಗಿಯಿತು. ಗುಂಡು ಉಕ್ಕಿನ ತಟ್ಟೆಯನ್ನು ತೂರುವ ಲೆಕ್ಕ ಎಲ್ಲಿಗೆ ಬಂತು ಅಂತ ವರ್ಷಗಟ್ಟಲೆ ವಿಚಾರಿಸಿದವರಿಗೆಲ್ಲ ನಮಸ್ಕಾರ. ಬೇಸರಪಡದೆ ತಿದ್ದಿಕೊಟ್ಟ ಗೈಡ್ ಮೇಡಂ, ಕಂಪ್ಯೂಟರ್ ಬಿಟ್ಟುಕೊಟ್ಟ ಲ್ಯಾಬಿನ ಗೆಳತಿಯರು, ಮದುವೆ ಮಾತು ತೆಗೆಯದ ಅಮ್ಮ, ಎಲ್ಲರಿಗೂ ಋಣಿ.

ಉಳಿದದ್ದೆಲ್ಲ ಮಂಡ್ಯದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ನನ್ನ ತಮ್ಮನಿಗೆ.

ಆ ರಾತ್ರಿಯ ಕಥೆ ಕೆಲವರಿಗೆ ಗೊತ್ತು. ಥೀಸಿಸ್ ಕೊಡಲು ಹನ್ನೆರಡು ದಿನ ಉಳಿದಿತ್ತು. ಪ್ರಯೋಗದಲ್ಲಿ ತೂತಾದ ತಟ್ಟೆ ನನ್ನ ಮಾಡೆಲ್‌ನಲ್ಲಿ ಮಾತ್ರ ತೂತಾಗುತ್ತಿರಲಿಲ್ಲ. ಎಲ್ಲ ಡಿಲೀಟ್ ಮಾಡ್ತೀನಿ ಅಂತ ಫೋನಲ್ಲಿ ಅತ್ತುಬಿಟ್ಟೆ. ಅವನು ಸಮಾಧಾನ ಹೇಳಲಿಲ್ಲ. ಹತ್ತೂವರೆಗೆ ಬೈಕಲ್ಲಿ ಬಂದು ರೂಮಿನ ಬಾಗಿಲು ತಟ್ಟಿದ.

"ಅದೇನು ಲೆಕ್ಕ, ನಂಗೂ ಹೇಳಕ್ಕ" ಅಂದ. ಮೊದಲು ಸುಲಭದ್ದು ಹೇಳಿದೆ, ರೆಕ್ಟ್ ಮತ್ತು ಇಪ್ಸನ್ 1963ರಲ್ಲಿ ಕೊಟ್ಟ ಸೂತ್ರ. ಸೆಕೆಂಡಿಗೆ 800 ಮೀಟರ್‌ವರೆಗೆ ತಡೆಯುವ ತಟ್ಟೆಗೆ 1000 ಮೀಟರ್ ವೇಗದಲ್ಲಿ ಹೊಡೆದರೆ ಗುಂಡು ಆಚೆ ಬರುವುದು ಹೆಚ್ಚುಕಮ್ಮಿ 600ರಲ್ಲಿ. "200 ಅಲ್ವಾ?" ಕಳೆಯಬೇಕಾದ್ದು ವೇಗವನ್ನಲ್ಲ, ಶಕ್ತಿಯನ್ನು, ಅದು ವೇಗದ ವರ್ಗದ ಲೆಕ್ಕ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕಬ್ಬಿಣ ಕಾದ್ರೆ ಮೆತ್ತಗಾಗುತ್ತೆ. ಅದನ್ನ ಎಲ್ಲಿ ಹಾಕಿದ್ದೀಯ?"

ಲೋಹ ಎಷ್ಟು ಗಟ್ಟಿ ಅಂತ ಹೇಳುವ ಜಾನ್ಸನ್-ಕುಕ್ ಸೂತ್ರದಲ್ಲಿ, ಬಿಸಿಯ ಲೆಕ್ಕ ಇರುವ ಮೂರನೇ ಕಂಸ ತೋರಿಸಲು ಹೋದೆ. ತಟ್ಟೆಯ ಆರಂಭದ ಉಷ್ಣಾಂಶ 27 ಅಂತ ಇತ್ತು, ಸೆಲ್ಸಿಯಸ್. ಉಳಿದ ಎರಡೂ ಕೆಲ್ವಿನ್: ಕೋಣೆಯದು 300, ಕರಗುವುದು 1793. 27ರಿಂದ 300 ಕಳೆದರೆ ಬರುವುದು ಋಣಸಂಖ್ಯೆ; ಘಾತ ಭಿನ್ನರಾಶಿಯಾಗಿದ್ದರೆ ಲೆಕ್ಕ ಅಲ್ಲೇ ನಿಲ್ಲುತ್ತಿತ್ತು. ನಾನು 1 ಇಟ್ಟಿದ್ದೆ, ಅದಕ್ಕೇ ಪ್ರೋಗ್ರಾಂ ತಕರಾರು ತೆಗೆದಿರಲಿಲ್ಲ. ನನ್ನ ಉಕ್ಕು ನಾಲ್ಕು ತಿಂಗಳಿಂದ ಚಳಿಗೆ ಮರಗಟ್ಟಿ, ಶೇ 18ರಷ್ಟು ಜಾಸ್ತಿ ಗಟ್ಟಿಯಾಗಿ ಕೂತಿತ್ತು!

ತಿದ್ದಿ ಓಡಿಸುವಷ್ಟರಲ್ಲಿ ಅವನು ಚಾಪೆ ಮೇಲೆ ನಿದ್ದೆ ಹೋಗಿದ್ದ. ಕಿಡಿ ಬಿದ್ದು ಶರ್ಟಿನ ತೋಳಲ್ಲಿ ಸಾಸಿವೆಯಷ್ಟು ಸಣ್ಣ ತೂತುಗಳು. ಬೆಳಗಿನ ಜಾವ ಸ್ಕ್ರೀನಿನಲ್ಲಿ ತಟ್ಟೆ ತೂತಾಯಿತು. ಎಬ್ಬಿಸಲಿಲ್ಲ.

ಇನ್ನೊಂದು ಹೇಳಲೇಬೇಕು. ಎರಡು ವರ್ಷದ ಹಿಂದೆ ಅವನು ಡಿಪಾರ್ಟ್‌ಮೆಂಟಿಗೆ ಬಂದಾಗ, ಮಸಿ ಮೆತ್ತಿದ ಆ ಕೈ ನೋಡಿ, "ನಮ್ಮೂರಿನವನು" ಅಂತ ಪರಿಚಯ ಮಾಡಿಸಿದ್ದೆ. ಅವನು ನಕ್ಕು ಸುಮ್ಮನಾದ. ಇವತ್ತಿಗೂ ಆ ಮಾತೆತ್ತಿಲ್ಲ. ನಾನೇ ಎತ್ತುತ್ತಿದ್ದೀನಿ. ತಪ್ಪಾಯ್ತು ಕಣೋ.

ವೈವಾ ದಿನ ಕೊನೇ ಬೆಂಚಲ್ಲಿ ಕೂತಿದ್ದ. ಕೇಳಿದವರಿಗೂ ಕೇಳದವರಿಗೂ "ಇವನು ನನ್ನ ತಮ್ಮ" ಅಂದೆ. ಊಟಕ್ಕೆ ನಿಲ್ಲಲಿಲ್ಲ. ಯಾರದ್ದೋ ಗೇಟು ಸಂಜೆಯೊಳಗೆ ಕೊಡಬೇಕಿತ್ತಂತೆ.