ಹೆಸರು ಹೇಳದೆ ಹೋದ ಹಿರಿಯರಿಗೆ

ಹೆಸರನ್ನಾಗಲಿ, ಹವ್ಯಾಸಿ ರೇಡಿಯೊ (ಹ್ಯಾಮ್) ಬಳಕೆದಾರರ ಗುರುತಾದ ಕರೆಸಂಕೇತವನ್ನಾಗಲಿ ತಿಳಿಸದೆ, ಒಂದಿಡೀ ಮಧ್ಯಾಹ್ನವನ್ನು ನನಗಾಗಿ ಮೀಸಲಿಟ್ಟು, ಗಿಡ್ಡ-ಉದ್ದ ದನಿಗಳಲ್ಲಿ (ಚುಕ್ಕೆ-ಗೆರೆಗಳಲ್ಲಿ) ಅಕ್ಷರಗಳನ್ನು ಕಳಿಸುವ ಮೋರ್ಸ್ ಸಂಕೇತದ ದಾರಿ ತೋರಿಸಿದ ಹಿರಿಯರೇ, ತಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.

ಚುಕ್ಕೆ-ಗೆರೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಪ್ರತಿ ಅಕ್ಷರ ಕೇಳಿಸಿದಾಗಲೂ ಮನಸ್ಸಿನಲ್ಲೇ ಎಣಿಸುತ್ತಿದ್ದ ನಾನು ನಿಮಿಷಕ್ಕೆ 7 ಪದಗಳ ವೇಗದಲ್ಲೇ ತಿಂಗಳುಗಟ್ಟಲೆ ನಿಂತುಬಿಟ್ಟಿದ್ದೆ. ಪಟ್ಟಿಯನ್ನು ಮಡಿಸಿಟ್ಟು ಕಿವಿಯಿಂದಲೇ ಕಲಿಯಬೇಕೆಂದು ತಾವು ಹೇಳಿದಿರಿ. ಅಕ್ಷರಗಳನ್ನು 20 ಪದಗಳ ವೇಗದಲ್ಲಿ ನುಡಿಸಿ ಅವುಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸುವ ಫಾರ್ನ್ಸ್‌ವರ್ತ್ ಕ್ರಮವನ್ನೂ, ಎರಡೇ ಅಕ್ಷರಗಳಿಂದ ಆರಂಭಿಸಿ ನೂರಕ್ಕೆ 90ರಷ್ಟು ಸರಿಯಾಗಿ ಬರೆದುಕೊಂಡ ಮೇಲಷ್ಟೇ ಮತ್ತೊಂದನ್ನು ಸೇರಿಸುವ ಕೋಖ್ ವಿಧಾನವನ್ನೂ ಬಿಡಿಸಿ ಹೇಳಿದಿರಿ. ‘ದಾ-ದಿ-ದಾ’ (ಗೆರೆ-ಚುಕ್ಕೆ-ಗೆರೆ) ಎಂಬುದು ಎಣಿಕೆಯಿಲ್ಲದೆ ‘ಕೆ’ ಎಂದೇ ಕೇಳಿಸಿದ ಕ್ಷಣ ಇಂದಿಗೂ ಕಿವಿಯಲ್ಲಿದೆ.

ಸಂಕೇತ ಕಳಿಸಲು ಕೈಯಿಂದ ಒತ್ತುವ ಸಾಧನವಾದ ಕೀಯ ಆಯ್ಕೆಯಲ್ಲಿ ತಾವು ಮಾಡಿದ ಉಪಕಾರ ಇನ್ನೂ ದೊಡ್ಡದು. ಎರಡು ಅಲಗುಗಳ ಪ್ಯಾಡಲ್ ಹಿಡಿದರೆ ಚುಕ್ಕೆ-ಗೆರೆಗಳ ಉದ್ದವನ್ನು ಎಲೆಕ್ಟ್ರಾನಿಕ್ ಕೀಯರ್ ತಾನೇ ಅಳೆದು ಕೊಡುತ್ತದೆ. ಒಂದೇ ಸನ್ನೆಯನ್ನು ಮೇಲಿಂದ ಒತ್ತುವ ನೇರ ಕೀಯಲ್ಲಾದರೋ ಗೆರೆಯು ಚುಕ್ಕೆಯ ಮೂರರಷ್ಟಿರುವಂತೆ ನಮ್ಮ ಮಣಿಕಟ್ಟೇ ನೋಡಿಕೊಳ್ಳಬೇಕು. ಲಯ ಮೈಗೂಡಲೆಂದು ನಾನು ಎರಡನೆಯದನ್ನೇ ಬಯಸಿದಾಗ ತಾವು ತಡೆಯಲಿಲ್ಲ. ಬದಲಿಗೆ ನನ್ನ ಕೀಯ ಸಂಪರ್ಕಬಿಂದುಗಳ ನಡುವೆ ತೆಳುವಾದ ಕಾಗದವೊಂದನ್ನು ತೂರಿಸಿ, ಅದು ಜಾರುವಷ್ಟೇ ಅಂತರ ಉಳಿಯುವಂತೆ ತಿರುಪು ಹೊಂದಿಸಿ, ಸ್ಪ್ರಿಂಗನ್ನು ತುಸು ಸಡಿಲಿಸಿ, ನನ್ನ ಮೊಣಕೈಯನ್ನು ಮೇಜಿನ ಮೇಲೆ ಊರಿಸಿದಿರಿ. ಅಂದಿನಿಂದ ಕೈ ನೋಯಲಿಲ್ಲ. ಬುಡ ಭಾರವಿಲ್ಲದ ಕೀ ಬಡಿದಂತೆಲ್ಲ ಸರಿದಾಡುತ್ತದೆ ಎಂಬ ಎಚ್ಚರಿಕೆಯನ್ನೂ ಪಾಲಿಸಿದ್ದೇನೆ.

ಮೊನ್ನೆ 40 ಮೀಟರ್ ತರಂಗಾಂತರದ ರೇಡಿಯೊ ಬ್ಯಾಂಡಿನಲ್ಲಿ ನನ್ನ ಮೊದಲ ಸಂಪರ್ಕ ಪೂರ್ಣಗೊಂಡಿತು. ತಮಗೆ ನನ್ನ 73, ಅಂದರೆ ಹ್ಯಾಮ್ ಭಾಷೆಯಲ್ಲಿ ಶುಭ ಹಾರೈಕೆಗಳು.